ಮೇಯುವ ನೆಲಕ್ಕೂ ಬಿಡುವು ಬೇಕು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳು ಕೂಡುವುದಕ್ಕೆ ಮುನ್ನ ಅವೆರಡರ ನಡುವೆ ಚಾಚಿಕೊಂಡಿರುವ ಒಣಸೀಮೆಗೆ ಅಲ್ಲಿನ ಜನರ ಬಾಯಲ್ಲಿ ನಡಿಗಡ್ಡ ಎಂಬ ಹೆಸರಿದೆ. ಐಜ, ಗದ್ವಾಲ, ಆಲಂಪುರಗಳನ್ನು ಒಳಗೊಂಡ ಈ ಸೀಮೆಯೂ ಕೃಷ್ಣೆಯ ಆಚೆ ದಡದ ಮಕ್ತಲ್, ನಾರಾಯಣಪೇಟೆಗಳೂ ಇಂದು ತೆಲಂಗಾಣದಲ್ಲಿವೆ. ಆದರೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ರಾಯಚೂರು ಜಿಲ್ಲೆಯ ಭಾಗವಾಗಿದ್ದವು, ಈಗಲೂ ಗಡಿಯ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ ಕೇಳಿಬರುತ್ತವೆ, ಸಂತೆ, ಸಂಬಂಧ, ಕುರಿ ಮಂದೆಗಳ ಹಾದಿ ಯಾವುದೂ ರಾಜ್ಯದ ಗಡಿಗೆ ಬಂದು ನಿಲ್ಲುವುದಿಲ್ಲ. ಎರಡು ದೊಡ್ಡ ನದಿಗಳ ಮಗ್ಗುಲಲ್ಲಿದ್ದರೂ ತೆಲಂಗಾಣದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಎರೆ ಮತ್ತು ಮಸಾರಿ ನೆಲಗಳು ಬೆರೆತ ಈ ಬಯಲಿನಲ್ಲಿ ಒಕ್ಕಲುತನದ ಜೊತೆಗೆ ದನ ಮತ್ತು ಕುರಿಯ ಸಾಕಣೆಯೂ ತಲೆಮಾರುಗಳಿಂದ ನಡೆದುಬಂದಿದೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದು ಮೆರೆಸುವ, ಜಾತ್ರೆಗಳಲ್ಲಿ ಜೋಡೆತ್ತುಗಳಿಂದ ಬಂಡೆ ಎಳೆಸುವ ರೂಢಿ ಆ ನಂಟಿನ ಗುರುತಾಗಿ ಉಳಿದಿದೆ.

ಈ ಸಾಕಣೆಗೆ ಆಧಾರವಾದ ಹುಲ್ಲುಗಾವಲು ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ. ಕುರಿ ಹೆಚ್ಚಾದುದರಿಂದ ಹುಲ್ಲು ಹಾಳಾಯಿತೆಂದು ಕೆಲವರೂ, ಮೇಯಿಸುವ ನೆಲವನ್ನೇ ಕಿತ್ತುಕೊಂಡುದರಿಂದ ಕುರಿ ಸಾಕುವವರು ಹಾಳಾದರೆಂದು ಇನ್ನು ಕೆಲವರೂ ಹೇಳುತ್ತಾರೆ, ಮತ್ತು ಎರಡು ಮಾತಿನಲ್ಲೂ ಸತ್ಯವಿದೆ. ಆದರೆ ಹುಲ್ಲಿನ ಗಿಡ ಬದುಕುವ ರೀತಿಯನ್ನೂ, ದಖ್ಖನಿನ ಕುರಿಗಾಹಿಗಳು ಹಿಂದಿನಿಂದ ಪಾಲಿಸಿಕೊಂಡು ಬಂದ ಪದ್ಧತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇವೆರಡಕ್ಕಿಂತ ಆಳದ ಕಾರಣವೊಂದು ಕಾಣುತ್ತದೆ: ಮೇಯುವ ಬಾಯಿಗಳು ಎಷ್ಟು ಎಂಬುದರಷ್ಟೇ, ಒಮ್ಮೆ ಮೇದ ನೆಲಕ್ಕೆ ಮತ್ತೆ ಚಿಗುರಲು ಎಷ್ಟು ದಿನದ ಬಿಡುವು ಸಿಕ್ಕಿತು ಎಂಬುದೂ ಹುಲ್ಲುಗಾವಲಿನ ಭವಿಷ್ಯವನ್ನು ನಿರ್ಧರಿಸುತ್ತದೆ. ಆ ಬಿಡುವನ್ನು ಊರು ತಾನಾಗಿ ಏರ್ಪಡಿಸಿಕೊಂಡರೆ ಕುರಿಯ ತೂಕ, ಹೊಲದ ಸತ್ವ, ಬಯಲಿನ ಹಕ್ಕಿ ಮತ್ತು ಪ್ರಾಣಿಗಳು ಮೂರಕ್ಕೂ ಒಳಿತಾಗುತ್ತದೆ.

ಗಾಯರಾಣ ಕಿರಿದಾದ ಬಗೆ

ಹೈದರಾಬಾದ್ ಸಂಸ್ಥಾನದ ಕಾಲದ ಕಂದಾಯ ದಾಖಲೆಗಳಲ್ಲಿ ಊರ ದನಗಳ ಮೇವಿಗೆಂದು ಬಿಟ್ಟ ಸಾಮೂಹಿಕ ನೆಲಕ್ಕೆ ಗಾಯರಾಣ ಎಂದೂ ಬಂಚರಾಯಿ ಎಂದೂ ಹೆಸರುಗಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ಇದನ್ನೇ ಗೋಮಾಳ ಎನ್ನುತ್ತಾರೆ. ಊರಿನಲ್ಲಿರುವ ಪ್ರತಿ 100 ಜಾನುವಾರುಗಳಿಗೆ 30 ಎಕರೆಯಂತೆ ಗೋಮಾಳ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳು ಹೇಳುತ್ತವೆ, ಆದರೆ ಈ ಪ್ರಮಾಣ ಕಾಗದದ ಮೇಲೆ ಉಳಿದಷ್ಟು ನೆಲದ ಮೇಲೆ ಉಳಿದಿಲ್ಲ. ನಿವೇಶನ, ಕಚೇರಿ, ರಸ್ತೆ, ನೆಡುತೋಪು, ಒತ್ತುವರಿ ಹೀಗೆ ಒಂದೊಂದಾಗಿ ಬಂದ ಅಗತ್ಯಗಳಿಗೆಲ್ಲ ಮೊದಲು ಕಣ್ಣಿಗೆ ಬಿದ್ದುದು ಗಾಯರಾಣವೇ, ಏಕೆಂದರೆ ಅಲ್ಲಿ ಪಹಣಿಯಲ್ಲಿ ಹೆಸರಿರುವ ಒಡೆಯನಿಲ್ಲ. 2011ರ ಜನವರಿಯಲ್ಲಿ ಜಗ್‌ಪಾಲ್ ಸಿಂಗ್ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಊರೊಟ್ಟಿನ ಇಂಥ ನೆಲಗಳ ಮೇಲಿನ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿದುದು ಸಮಸ್ಯೆ ಒಂದು ಸೀಮೆಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ತೋರಿಸುತ್ತದೆ.

ನಡಿಗಡ್ಡದಲ್ಲಿ ಇದರ ಜೊತೆಗೆ ನೀರಾವರಿಯ ಬದಲಾವಣೆಯೂ ಸೇರಿದೆ. ರಾಯಚೂರು ಜಿಲ್ಲೆಯ ರಾಜೋಳಿಬಂಡದಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ ತಿರುಗಿಸಿದ ಕಾಲುವೆ ಐಜ ಮತ್ತು ಆಲಂಪುರ ಸೀಮೆಯ ಕಡೆಗೆ ಸಾಗುತ್ತದೆ, ತೆಲಂಗಾಣದ 87,500 ಎಕರೆಗೆ ನೀರುಣಿಸುವುದು ಅದರ ಉದ್ದೇಶ. ಆಮೇಲೆ ಕೃಷ್ಣೆಗೆ ಅಡ್ಡಲಾಗಿ ಜುರಾಲ ಅಣೆಕಟ್ಟೂ ನೆಟ್ಟೆಂಪಾಡು ಏತ ನೀರಾವರಿಯೂ, ನದಿಯ ಆಚೆ ದಡದಲ್ಲಿ ಭೀಮಾ ಏತ ನೀರಾವರಿಯೂ ಬಂದವು. ಜೋಳ, ತೊಗರಿ, ಶೇಂಗಾ ಬೆಳೆದು ಆರು ತಿಂಗಳು ಬೀಳು ಬೀಳುತ್ತಿದ್ದ ಹೊಲಗಳಲ್ಲಿ ಭತ್ತ, ಮೆಣಸಿನಕಾಯಿ, ಹತ್ತಿಬೀಜದ ಬೆಳೆಗಳು ನೆಲೆಯೂರಿದವು. ರೈತನ ಕೈಗೆ ಹಣ ಬಂತು, ಆದರೆ ಸುಗ್ಗಿಯ ನಂತರ ಕುರಿಗಳಿಗೆ ತೆರೆದಿರುತ್ತಿದ್ದ ಕೂಳೆ ಹೊಲಗಳೂ ಬದುಗಳೂ ಕಡಿಮೆಯಾದವು. ಜೋಳದ ಕಣಿಕೆ ಕುರಿ ದನಗಳಿಗೆ ಒಳ್ಳೆಯ ಮೇವಾಗುವಂತೆ ಹತ್ತಿಯ ಕಟ್ಟಿಗೆ ಆಗುವುದಿಲ್ಲ, ಸಾಲದ್ದಕ್ಕೆ ಹತ್ತಿಗೆ ಹೊಡೆದ ಕೀಟನಾಶಕದ ಉಳಿಕೆಯಿಂದ ಮಂದೆಗೆ ಅಪಾಯವೂ ಇದೆ.

ಮೇವಿನ ನೆಲ ಹೀಗೆ ಕಿರಿದಾಗುತ್ತಿದ್ದಾಗಲೇ ಕುರಿಗಳ ಸಂಖ್ಯೆ ಏರಿತು. 2017ರ ಜೂನ್ ತಿಂಗಳಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಯೋಜನೆಯಡಿ ಕುರಿಗಾರ ಕುಟುಂಬಗಳಿಗೆ 20 ಹೆಣ್ಣು ಕುರಿ ಮತ್ತು ಒಂದು ಟಗರಿನ ಘಟಕವನ್ನು ಶೇ. 75ರ ಸಹಾಯಧನದಲ್ಲಿ ನೀಡಲಾಯಿತು. 2019ರ ಜಾನುವಾರು ಗಣತಿಯ ಹೊತ್ತಿಗೆ ರಾಜ್ಯದ ಕುರಿಗಳ ಸಂಖ್ಯೆ ಸುಮಾರು 1.91 ಕೋಟಿಗೆ ಮುಟ್ಟಿ, 2012ರ ಗಣತಿಗಿಂತ ಶೇ. 48ರಷ್ಟು ಹೆಚ್ಚಳ ಕಂಡಿತು. ಆ ಗಣತಿಯಲ್ಲಿ ದೇಶದಲ್ಲೇ ಅತಿ ಹೆಚ್ಚು ಕುರಿಗಳಿದ್ದ ರಾಜ್ಯ ತೆಲಂಗಾಣ. ಬಡ ಕುಟುಂಬಗಳ ಕೈಗೆ ಸಂಪತ್ತು ಕೊಡುವ ಉದ್ದೇಶ ಒಳ್ಳೆಯದೇ, ಆದರೆ ಕುರಿಯನ್ನು ಕೊಟ್ಟಂತೆ ಹುಲ್ಲನ್ನು ಲಾರಿಯಲ್ಲಿ ತಂದು ಇಳಿಸಲು ಬಾರದು. ಇರುವ ನೆಲದಲ್ಲೇ ಹುಲ್ಲು ಹೆಚ್ಚಬೇಕಾದರೆ ಆ ಹುಲ್ಲಿನ ಸ್ವಭಾವವನ್ನು ಅರಿಯಬೇಕು.

ಎಲೆ ಮೇಲೆ, ಬೇರು ಕೆಳಗೆ

ಹುಲ್ಲಿಗೂ ಇತರ ಗಿಡಗಳಿಗೂ ಇರುವ ಮುಖ್ಯ ವ್ಯತ್ಯಾಸ ಅದರ ಬೆಳೆಯುವ ಕಣ್ಣಿನ ಸ್ಥಾನದಲ್ಲಿದೆ. ಹೆಚ್ಚಿನ ಗಿಡಗಳು ತುದಿಯಿಂದ ಬೆಳೆಯುವುದರಿಂದ ತುದಿ ಚಿವುಟಿದರೆ ಬೆಳವಣಿಗೆ ತಡೆಯುತ್ತದೆ. ಹುಲ್ಲಿನ ಕಣ್ಣಾದರೋ ನೆಲಕ್ಕೆ ಅಂಟಿಕೊಂಡು ಬುಡದಲ್ಲಿರುವುದರಿಂದ ಮೇಲಿನ ಎಲೆಯನ್ನು ದನ ಮೇದರೂ ಕೆಳಗಿನಿಂದ ಹೊಸ ಎಲೆ ನೂಕಿಕೊಂಡು ಬರುತ್ತದೆ, ಪಕ್ಕದಲ್ಲಿ ಮರಿ ತೆಂಡೆಗಳೂ ಒಡೆಯುತ್ತವೆ. ಅಂಜನ ಹುಲ್ಲು, ಗರಿಕೆ, ಮಾರ್ವೆಲ್ ಮುಂತಾದ ದಖ್ಖನಿನ ಹುಲ್ಲುಗಳೆಲ್ಲ ಮೇಯುವ ಪ್ರಾಣಿಗಳ ಜೊತೆಗೇ ವಿಕಾಸಗೊಂಡವಾದ್ದರಿಂದ ಒಂದು ಮಿತಿಯವರೆಗೆ ಮೇಯಿಸಿಕೊಳ್ಳುವುದು ಅವುಗಳಿಗೆ ಹಿತವೇ ಆಗುತ್ತದೆ.

ಆ ಮಿತಿ ಎಲ್ಲಿದೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸ್ಪಷ್ಟವಾಗಿ ತೋರಿಸಿದವು. ಹುಲ್ಲಿನ ಮೇಲ್ಭಾಗವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ ಅವರು ಬೇರುಗಳನ್ನು ಗಮನಿಸಿದಾಗ, ಅರ್ಧದಷ್ಟು ಎಲೆ ಹೋದರೂ ಬೇರಿನ ಬೆಳವಣಿಗೆಗೆ ಹೆಚ್ಚಿನ ಧಕ್ಕೆ ಆಗಲಿಲ್ಲ. ಅರ್ಧ ದಾಟಿದ ಕೂಡಲೇ ನಿಂತುಹೋಗುವ ಬೇರುಗಳ ಪಾಲು ವೇಗವಾಗಿ ಏರಿತು, ಶೇ. 80ರಷ್ಟು ಕತ್ತರಿಸಿದಾಗ ಬೇರುಗಳೆಲ್ಲ ಹನ್ನೆರಡು ದಿನ ಬೆಳೆಯುವುದನ್ನೇ ನಿಲ್ಲಿಸಿದವು. ಎಲೆಯೇ ಗಿಡದ ಅಡಿಗೆಮನೆ; ಅದು ಬರಿದಾದರೆ ಹೊಸ ಎಲೆಗೆ ಬೇಕಾದ ಆಹಾರ ಬುಡ ಮತ್ತು ಬೇರಿನ ಕೂಡಿಟ್ಟ ಗಂಟಿನಿಂದ ಬರಬೇಕಾಗುತ್ತದೆ. ಮೊದಲ ಚಿಗುರು ಬಂದು ಆ ಸಾಲ ತೀರುವ ಮೊದಲೇ ಕುರಿ ಮತ್ತೆ ಬಾಯಿ ಹಾಕಿದರೆ ಬೇರು ಮೋಟಾಗುತ್ತಾ ಹೋಗುತ್ತದೆ, ಮಳೆ ಹದಿನೈದು ದಿನ ತಡವಾದರೆ ಮೋಟು ಬೇರಿನ ಹುಲ್ಲು ಒಣಗುತ್ತದೆ, ಉದ್ದ ಬೇರಿನದು ತಾಳಿಕೊಳ್ಳುತ್ತದೆ. ನಡಿಗಡ್ಡದಂಥ ಮಳೆ ನೆಚ್ಚಲಾಗದ ಸೀಮೆಯಲ್ಲಿ ಈ ವ್ಯತ್ಯಾಸವೇ ಬರಗಾಲದ ಮೇವನ್ನು ನಿರ್ಧರಿಸುತ್ತದೆ.

ಫ್ರಾನ್ಸಿನ ವಿಜ್ಞಾನಿ ಹಾಗೂ ಸ್ವತಃ ಹೈನುಗಾರರಾಗಿದ್ದ ಆಂದ್ರೆ ವ್ವಾಸೇನ್ 1957ರಲ್ಲಿ ಹೊರತಂದ ಹುಲ್ಲಿನ ಉತ್ಪಾದಕತೆಯ ಕುರಿತ ಗ್ರಂಥದಲ್ಲಿ ಇದೇ ವಿಚಾರವನ್ನು ಕಾಲದ ಲೆಕ್ಕವಾಗಿ ಬೆಳೆಸಿ, ದನಗಳನ್ನು ಒಂದು ತುಂಡು ನೆಲದಲ್ಲಿ ಕೆಲವೇ ದಿನ ಮೇಯಿಸಿ, ಹುಲ್ಲು ಪೂರ್ತಿ ಚೇತರಿಸಿಕೊಳ್ಳುವವರೆಗೆ ಅಲ್ಲಿಗೆ ಮರಳಿ ಬಿಡಬಾರದೆಂದು ವಾದಿಸಿದರು. ಸರದಿ ಮೇಯಿಸುವಿಕೆ ಎಂದು ಇಂದು ಕರೆಯುವ ಪದ್ಧತಿಯ ತಿರುಳು ಇದೇ. ಆದರೆ ಸರದಿಯೊಂದೇ ಪವಾಡ ಮಾಡುತ್ತದೆಂದು ನಂಬುವುದೂ ತಪ್ಪು. 2008ರಲ್ಲಿ ಹುಲ್ಲುಗಾವಲು ವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನೆಲ್ಲ ಮರುಪರಿಶೀಲಿಸಿದಾಗ, ಜಾನುವಾರುಗಳ ಸಂಖ್ಯೆ ನೆಲದ ತಾಕತ್ತನ್ನು ಮೀರಿದ್ದರೆ ಎಂಥ ಸರದಿಯೂ ಹುಲ್ಲನ್ನು ಉಳಿಸಲಾರದು, ಮೇಯಿಸುವಿಕೆ ಮಿತವಾಗಿದ್ದಲ್ಲಿ ಸರದಿಗೂ ಸರದಿ ಇಲ್ಲದ್ದಕ್ಕೂ ಇಳುವರಿಯಲ್ಲಿ ದೊಡ್ಡ ಅಂತರ ಕಾಣದು ಎಂಬ ತೀರ್ಮಾನಕ್ಕೆ ಬಂದರು. ಸಂಖ್ಯೆಗೂ ಬಿಡುವಿಗೂ ಒಟ್ಟಿಗೆ ಗಮನ ಕೊಡಬೇಕೆಂಬುದೇ ಇದರ ಸಾರ.

ಬಿಡುವಿಲ್ಲದೆ ಮೇಯಿಸಿದ ನೆಲವನ್ನು ಗುರುತಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಕುರಿ ಮೊದಲು ಹುಡುಕಿ ತಿನ್ನುವುದು ಸಿಹಿಯಾದ ಬಹುವಾರ್ಷಿಕ ಹುಲ್ಲುಗಳನ್ನು, ಅಂದರೆ ಒಂದೇ ಬುಡದಿಂದ ವರ್ಷವರ್ಷವೂ ಚಿಗುರುವವನ್ನು. ಅವು ಸೋತಾಗ ಒಂದೇ ಮಳೆಗಾಲ ಬದುಕುವ ಸಣ್ಣ ಹುಲ್ಲುಗಳು ಬರುತ್ತವೆ, ಅವೂ ಸೋತಾಗ ಕುರಿ ಮುಟ್ಟದ ತಂಗಡಿ, ಕಾಂಗ್ರೆಸ್ ಗಿಡ ಮತ್ತು ಬಳ್ಳಾರಿ ಜಾಲಿ ನೆಲವನ್ನು ಆಕ್ರಮಿಸುತ್ತವೆ. 1870ರ ದಶಕದಲ್ಲಿ ಹೊರದೇಶದಿಂದ ಕಡಪ ಜಿಲ್ಲೆಗೆ ಬೀಜ ತರಿಸಿ ಬೆಳೆಸಿದ ಬಳ್ಳಾರಿ ಜಾಲಿಯ ಎಲೆಯನ್ನು ಕುರಿ ತಿನ್ನದಿದ್ದರೂ ಅದರ ಸಿಹಿ ಕಾಯನ್ನು ಆಸೆಯಿಂದ ತಿನ್ನುತ್ತದೆ, ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆಯೊಡನೆ ಮಂದೆ ನಡೆದ ಹಾದಿಯುದ್ದಕ್ಕೂ ಬಿದ್ದು ಮೊಳೆಯುತ್ತದೆ. ಆದ್ದರಿಂದ ಜಾಲಿಯ ಕಾಯಿ ಉದುರುವ ಬೇಸಿಗೆಯಲ್ಲಿ ಅದನ್ನು ಆರಿಸಿ, ಒಣಗಿಸಿ, ಪುಡಿಮಾಡಿ ಮೇವಾಗಿ ಕೊಡುವುದು ಮಂದೆಗೂ ನೆಲಕ್ಕೂ ಕ್ಷೇಮ.

ಮೇಯದ ಬಯಲೂ ಬಡವಾಗುತ್ತದೆ

ಹಾಗಿದ್ದರೆ ಮಂದೆಯನ್ನು ಪೂರ್ತಿ ಹೊರಗಿಟ್ಟು ಬೇಲಿ ಹಾಕುವುದೇ ಪರಿಹಾರವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ಪಕ್ಷಿಧಾಮ ಇದಕ್ಕೆ ದುಬಾರಿಯಾದ ಉತ್ತರ ನೀಡಿದೆ. 1982ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದಾಗ ಹಳ್ಳಿಗರ ಪ್ರತಿಭಟನೆ ನಡೆದು ಜೀವಗಳೂ ಹೋದವು; ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ ದೀರ್ಘ ಅಧ್ಯಯನ, ಎಮ್ಮೆಗಳು ತಿಂದು ಹತೋಟಿಯಲ್ಲಿಟ್ಟಿದ್ದ ಜವುಗು ಹುಲ್ಲು ಕೆರೆಯ ಮೇಲೆಲ್ಲ ಹಬ್ಬಿ ನೀರಹಕ್ಕಿಗಳಿಗೆ ತೊಡಕಾಯಿತೆಂದೂ, ಗೆಡ್ಡೆಗಳನ್ನು ಅಗೆದು ತಿನ್ನುವ ಸೈಬೀರಿಯಾದ ಕೊಕ್ಕರೆಗಳಿಗೆ ಅದರಿಂದ ಅಡಚಣೆಯಾಯಿತೆಂದೂ ಕಂಡುಕೊಂಡಿತು. ಹಕ್ಕಿಗಳ ಹಿತಕ್ಕೆಂದು ಮಾಡಿದ ನಿಷೇಧವೇ ಹಕ್ಕಿಗಳಿಗೆ ಕುತ್ತಾಯಿತು.

ಐಜದಿಂದ ತುಂಗಭದ್ರೆಯ ಆಚೆ, ಕರ್ನೂಲು ಸೀಮೆಯಲ್ಲಿರುವ ರೋಳ್ಳಪಾಡು ಅಭಯಾರಣ್ಯದ ಕಥೆ ಇನ್ನೂ ಹತ್ತಿರದ್ದು. ಉತ್ತರ ಕರ್ನಾಟಕದಲ್ಲಿ ಎರೆಭೂತ ಎಂದು ಕರೆಯುವ, ಉದ್ದ ಕಾಲಿನ, ಹತ್ತು ಹನ್ನೆರಡು ಕಿಲೋ ತೂಗುವ ದೊಡ್ಡ ಹಕ್ಕಿಯ ರಕ್ಷಣೆಗೆಂದು 1988ರಲ್ಲಿ 600 ಹೆಕ್ಟೇರಿಗೂ ಸ್ವಲ್ಪ ಹೆಚ್ಚಿನ ಈ ಹುಲ್ಲುಗಾವಲನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಕುರಿ ದನಗಳಿಂದ ತುಸು ರಕ್ಷಣೆ ಸಿಕ್ಕ ಬೇಲಿಯೊಳಗೆ ಹಕ್ಕಿಗೆ ಮೊಟ್ಟೆಯಿಡಲು ಮರೆ ದೊರೆತದ್ದು ನಿಜ, ಆದರೆ ಎರೆಭೂತದ ಬದುಕು ಬೇಲಿಯೊಳಗೆ ಮುಗಿಯುವಂಥದ್ದಲ್ಲ. ಸುತ್ತಲಿನ ಒಣಬೇಸಾಯದ ಹೊಲಗಳಲ್ಲಿ ಮಿಡತೆ, ಬೀಜ, ಹಣ್ಣುಗಳನ್ನು ಹೆಕ್ಕುತ್ತಾ ಅದು ಓಡಾಡಬೇಕು; ಆ ಹೊಲಗಳು ನೀರಾವರಿಗೆ ಒಳಗಾಗಿ ಬೆಳೆಯ ಬಗೆ ಬದಲಾಯಿತು, ಒಳಗೆ ಹೆಚ್ಚಿದ ಕೃಷ್ಣಮೃಗಗಳು ಹೊಲಕ್ಕೆ ನುಗ್ಗಿದವು, ಮೇವಿನ ಹಕ್ಕು ಕಳೆದುಕೊಂಡ ಊರುಗಳ ಸಿಟ್ಟು ಅಭಯಾರಣ್ಯದ ಮೇಲೆ ತಿರುಗಿತು, ಎರೆಭೂತದ ಸಂಖ್ಯೆ ಕುಸಿಯುತ್ತಾ ಬಂತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿತವಾದ ಅಭಯಾರಣ್ಯದಲ್ಲಿ ತೊಂದರೆ ಬೇರೆ ರೂಪ ತಾಳಿತು: ಬಯಲನ್ನು ಹಸಿರಾಗಿಸಲು ನೆಟ್ಟ ನೀಲಗಿರಿ ಬೆಳೆದು ತೋಪಾದ ಮೇಲೆ ತೆರೆದ ನೆಲವನ್ನೇ ನಂಬಿದ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು.

ಹುಲ್ಲುಗಾವಲಿನ ಜೀವವೈವಿಧ್ಯ ಎಂದರೆ ಎಲ್ಲೆಡೆ ಒಂದೇ ಎತ್ತರದ ಸೊಂಪಾದ ಹುಲ್ಲು ಎಂಬ ಕಲ್ಪನೆಯನ್ನು ಈ ಅನುಭವಗಳು ತಿದ್ದುತ್ತವೆ. ಎರೆಭೂತದ ಗಂಡು ಕುಣಿಯಲು ಗಿಡ್ಡ ಹುಲ್ಲಿನ ದಿಬ್ಬ ಬೇಕು, ಹೆಣ್ಣು ಮೊಟ್ಟೆಯಿಡಲು ಪಕ್ಕದಲ್ಲೇ ಮರೆಯಿರಬೇಕು. ನೆಲಗುಬ್ಬಿಗಳಲ್ಲಿ ಕೆಲವು ಬೋಳು ನೆಲವನ್ನೂ ಕೆಲವು ಹುಲ್ಲಿನ ತೆಂಡೆಯ ನೆರಳನ್ನೂ ಬಯಸುತ್ತವೆ. ಗೌಜಲು, ಬುರ್ಲಿಗಳಿಗೆ ಅಡಗಲು ಪೊದೆ, ಓಡಲು ಬಯಲು ಎರಡೂ ಬೇಕು. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಹಗಲಲ್ಲಿ ಹೊಲ ಮತ್ತು ಬಯಲುಗಳ ಮೇಲೆ ತಗ್ಗಿ ಹಾರುತ್ತಾ ಮಿಡತೆಗಳನ್ನು ಹಿಡಿದು, ರಾತ್ರಿ ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ತಂಗುತ್ತವೆ. ದನ ಕುರಿಗಳ ಸಗಣಿ, ಹಿಕ್ಕೆಗಳನ್ನು ನೆಲದೊಳಗೆ ಹೂಳುವ ಸಗಣಿಹುಳುಗಳು ಮಣ್ಣನ್ನು ಸಡಿಲಿಸುತ್ತವೆ, ಹಕ್ಕಿಗಳಿಗೆ ಆಹಾರವೂ ಆಗುತ್ತವೆ. ಒಂದು ತುಂಡು ಮೇದು ಗಿಡ್ಡವಾಗಿ, ಪಕ್ಕದ್ದು ಚೇತರಿಸಿಕೊಳ್ಳುತ್ತಾ, ಮೂರನೆಯದು ಬೀಜ ಕಟ್ಟುವ ತನಕ ಬೆಳೆದು ನಿಂತ ಬಯಲು ಇವೆಲ್ಲಕ್ಕೂ ಒಟ್ಟಿಗೆ ಆಸರೆಯಾಗಬಲ್ಲದು, ಮತ್ತು ಅಂಥ ಬಯಲನ್ನು ನಿರ್ಮಿಸುವ ಅತಿ ಅಗ್ಗದ ಸಾಧನ ಸರದಿಯಲ್ಲಿ ಸಾಗುವ ಮಂದೆಯೇ.

ಎಷ್ಟು ಕುರಿ, ಎಷ್ಟು ದಿನ

ಕನ್ನಡ ನಾಡಿಗೆ ಈ ಸರದಿ ಹೊರಗಿನಿಂದ ಬಂದ ವಿದ್ಯೆಯಲ್ಲ. ಮೈಸೂರು ಅರಸರ ಕಾಲದಲ್ಲಿ ಸೈನ್ಯಕ್ಕೆ ಎತ್ತುಗಳನ್ನು ಒದಗಿಸುತ್ತಿದ್ದ ಅಮೃತಮಹಲ್ ತಳಿಯ ದನಗಳಿಗೆಂದು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾಯ್ದಿಟ್ಟ ಕಾವಲುಗಳನ್ನು ಮಳೆಗಾಲದ, ಚಳಿಗಾಲದ ಮತ್ತು ಬೇಸಿಗೆಯ ಕಾವಲುಗಳೆಂದು ವಿಂಗಡಿಸಲಾಗಿತ್ತು. ಮಳೆ ಬೀಳುವಾಗ ಒಣ ಬಯಲಿನ ಕಾವಲಿನಲ್ಲಿ, ಬಿಸಿಲು ಏರಿದಾಗ ನೀರು ನೆರಳಿರುವ ಕೆರೆಬಯಲಿನ ಕಾವಲಿನಲ್ಲಿ ದನಗಳನ್ನು ಮೇಯಿಸುತ್ತಿದ್ದುದರಿಂದ ಪ್ರತಿ ಕಾವಲಿಗೂ ವರ್ಷದಲ್ಲಿ ತಿಂಗಳುಗಟ್ಟಲೆ ಬಿಡುವು ಸಿಗುತ್ತಿತ್ತು. ಒಂದು ಕಾಲಕ್ಕೆ ಸುಮಾರು ನಾಲ್ಕು ಲಕ್ಷ ಎಕರೆಯಷ್ಟಿದ್ದ ಈ ಕಾವಲುಗಳಲ್ಲಿ ಸಣ್ಣ ಪಾಲು ಮಾತ್ರ ಈಗ ಉಳಿದಿದ್ದರೂ, ಅಲ್ಲಿ ಅನುಸರಿಸಿದ ಕಾಲವಿಂಗಡಣೆಯ ತತ್ವ ಸಣ್ಣ ಗಾಯರಾಣಕ್ಕೂ ಹೊಂದುತ್ತದೆ.

ಒಂದು ಊರಿನಲ್ಲಿ 100 ಎಕರೆ, ಅಂದರೆ ಸುಮಾರು 40 ಹೆಕ್ಟೇರ್ ಗಾಯರಾಣ ಉಳಿದಿದೆ ಎಂದು ಭಾವಿಸಿ ಲೆಕ್ಕ ಹಾಕಬಹುದು. ಸಾಧಾರಣ ಮಳೆಯ ವರ್ಷ ಹೆಕ್ಟೇರಿಗೆ ಒಂದು ಟನ್ ಒಣಹುಲ್ಲು ಬಂದರೆ ಒಟ್ಟು 40 ಟನ್ ಆಗುತ್ತದೆ, ಅದರಲ್ಲಿ ಅರ್ಧವನ್ನು ಬೇರು, ಬೀಜ ಮತ್ತು ಮಣ್ಣಿನ ಹೊದಿಕೆಗೆ ಬಿಡಬೇಕಾದ್ದರಿಂದ ಮೇಯಿಸಲು ಸಿಗುವುದು 20 ಟನ್. ಮೂವತ್ತು ಕಿಲೋ ತೂಗುವ ಕುರಿಗೆ ದಿನಕ್ಕೆ ಅದರ ತೂಕದ ಶೇ. ಮೂರರಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ಒಣಮೇವು ಬೇಕು; ಹೀಗಾಗಿ ಆ ನೆಲ 100 ಕುರಿಗಳನ್ನು 200 ದಿನ ಸಾಕಬಲ್ಲದು, 300 ಕುರಿಗಳನ್ನಾದರೆ ಎರಡು ತಿಂಗಳು ಚಿಲ್ಲರೆ ಮಾತ್ರ. ಮಳೆ ಅರ್ಧಕ್ಕೆ ಇಳಿದ ವರ್ಷ ದಿನಗಳೂ ಅರ್ಧಕ್ಕೆ ಇಳಿಯುತ್ತವೆ. ಧಾರಣ ಶಕ್ತಿ ಎಂದು ವಿಜ್ಞಾನಿಗಳು ಕರೆಯುವ ಈ ಲೆಕ್ಕವನ್ನು ದಸರೆಯ ಹೊತ್ತಿಗೆ ಬಯಲಿನ ಹುಲ್ಲನ್ನು ನೋಡಿ ಊರಿನವರೇ ಹಾಕಿಕೊಂಡರೆ, ಬೇಸಿಗೆಗೆ ಎಷ್ಟು ಮೇವು ಕೊಳ್ಳಬೇಕು, ಎಷ್ಟು ಟಗರುಮರಿಗಳನ್ನು ಬೇಗ ಮಾರಬೇಕು, ಯಾವಾಗ ವಲಸೆ ಹೊರಡಬೇಕು ಎಂಬುದನ್ನು ಮೊದಲೇ ನಿರ್ಧರಿಸಬಹುದು.

ಅದೇ 100 ಎಕರೆಯನ್ನು ಇಪ್ಪತ್ತೆಕರೆಯ ಐದು ಭಾಗ ಮಾಡಿ, ಕಲ್ಲು ನೆಟ್ಟು ಗುರುತಿಸಿ, ಒಂದು ಭಾಗಕ್ಕೆ ಮೃಗಶಿರಾ ಮಳೆಯಿಂದ ಬೀಜ ಉದುರುವ ಕಾರ್ತಿಕದವರೆಗೆ ಪೂರ್ತಿ ಬಿಡುವು ಕೊಟ್ಟು, ಉಳಿದ ನಾಲ್ಕರಲ್ಲಿ ಹತ್ತು ಹತ್ತು ದಿನದಂತೆ ಮಂದೆಯನ್ನು ಸರದಿಯಲ್ಲಿ ತಿರುಗಿಸಿದರೆ, ಮೇದ ಪ್ರತಿ ಭಾಗಕ್ಕೂ ಮುಂದಿನ ಸರದಿಗೆ ಮುನ್ನ ಮೂವತ್ತು ದಿನ ಸಿಗುತ್ತದೆ. ಪೂರ್ತಿ ಬಿಡುವು ಪಡೆಯುವ ಭಾಗ ವರ್ಷಕ್ಕೊಂದರಂತೆ ಬದಲಾದರೆ ಐದು ವರ್ಷದಲ್ಲಿ ಇಡೀ ಗಾಯರಾಣ ಒಮ್ಮೆ ಬೀಜ ಕಟ್ಟಿ ಉದುರಿಸಿರುತ್ತದೆ. ಅತ್ಯಂತ ಬಿಕ್ಕಟ್ಟಿನ ಸಮಯ ಮುಂಗಾರಿನ ಮೊದಲ ಐದಾರು ವಾರಗಳು. ಆಗ ಹೊಲಗಳೆಲ್ಲ ಬಿತ್ತನೆಯಾಗಿ ಮಂದೆಗೆ ಬಾಗಿಲು ಮುಚ್ಚಿರುತ್ತವೆ, ಗಾಯರಾಣದ ಹುಲ್ಲು ಆಗತಾನೆ ಬೇರಿನ ಗಂಟನ್ನು ಖರ್ಚು ಮಾಡಿ ಚಿಗುರುತ್ತಿರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಜೋಳದ ಕಣಿಕೆ, ಶೇಂಗಾ ಹೊಟ್ಟು, ತೊಗರಿ ಹೊಟ್ಟುಗಳನ್ನು ಈ ವಾರಗಳಿಗೆಂದು ಉಳಿಸಿಕೊಳ್ಳುವುದು ಮೇವಿನ ಜಾಣ್ಮೆಯಲ್ಲೇ ಮೊದಲನೆಯದು. ಮಸಾರಿ ನೆಲದ ಬದುಗಳಲ್ಲಿ ಸ್ಟೈಲೋ ಎಂಬ ದ್ವಿದಳ ಮೇವನ್ನು ಬಿತ್ತಿದರೆ ಅದು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸಿ, ಒಣಹುಲ್ಲಿನಲ್ಲಿ ಇಲ್ಲದ ಪ್ರೋಟೀನನ್ನು ಕುರಿಗೆ ಕೊಡುತ್ತದೆ.

ಸರದಿಯಿಂದ ಮಂದೆಯ ಆರೋಗ್ಯಕ್ಕೂ ನೇರ ಲಾಭವಿದೆ. ಕುರಿಯ ಹೊಟ್ಟೆಯ ಜಂತುಗಳ ಮೊಟ್ಟೆ ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಮರಿಹುಳುಗಳು ತೇವದ ಹುಲ್ಲನ್ನು ಏರಿ ಬುಡದ ಒಂದೆರಡು ಅಂಗುಲದಲ್ಲೇ ಹೆಚ್ಚಾಗಿ ಕುಳಿತಿರುತ್ತವೆ. ನೆಲಕ್ಕೆ ಹತ್ತಿ ಮೇಯುವ ಕುರಿ ಅವನ್ನು ನುಂಗಿ ರಕ್ತಹೀನತೆಗೆ ಒಳಗಾಗುತ್ತದೆ. ಹುಲ್ಲು ಎತ್ತರವಿರುವಾಗ ಮೇದು ಮುಂದೆ ಸಾಗುವ ಮಂದೆಗೆ ಈ ಅಪಾಯ ಕಡಿಮೆ, ಬಿಡುವಿನ ನಡುವೆ ಬಿಸಿಲಿಗೆ ಒಣಗುವ ನೆಲದಲ್ಲಿ ಬಹಳ ಮರಿಹುಳುಗಳು ಸಾಯುತ್ತವೆ. ಹುಲ್ಲಿನ ಕಾಲವನ್ನು ಅರಿಯುವುದೂ ಅಷ್ಟೇ ಮುಖ್ಯ. ದಖ್ಖನಿನ ಬಯಲಿನಲ್ಲಿ ಹೇರಳವಾಗಿರುವ, ಹೆಟೆರೋಪೋಗನ್ ಕುಲಕ್ಕೆ ಸೇರಿದ ಊಬಿನ ಹುಲ್ಲು ಎಳೆಯದಾಗಿದ್ದಾಗ ಒಳ್ಳೆಯ ಮೇವು. ಮಳೆಗಾಲದ ಕೊನೆಗೆ ಅದು ಬಿಡುವ ಚೂಪು ಊಬು ಒಂದಕ್ಕೊಂದು ಹೆಣೆದುಕೊಂಡು, ತೇವ ತಾಗಿದಾಗ ತಿರುಚುತ್ತಾ ಕುರಿಯ ಉಣ್ಣೆಯೊಳಗೆ ನುಸುಳಿ ಚರ್ಮವನ್ನೇ ಚುಚ್ಚುತ್ತದೆ. ಊಬು ಬರುವ ಮುನ್ನ ಅಲ್ಲಿ ಮೇಯಿಸಿ, ಊಬಿನ ವಾರಗಳಲ್ಲಿ ಮಂದೆಯನ್ನು ಬೇರೆಡೆ ಕೊಂಡೊಯ್ದು, ಉದುರಿದ ಮೇಲೆ ಮರಳುವುದು ಅನುಭವಿ ಕುರಿಗಾಹಿಯ ಲಕ್ಷಣ. ಮಳೆ ತಡೆದು ಬಾಡಿದ ಎಳೆಜೋಳ ಮತ್ತು ಕೊಯ್ದ ಕೂಳೆಯ ಹೊಸ ಚಿಗುರಿನಲ್ಲಿ ಸಯನೈಡಿನ ವಿಷ ಕೂಡಿರುವ ಸಾಧ್ಯತೆಯಿರುವುದರಿಂದ ಅಲ್ಲಿಗೆ ಮಂದೆಯನ್ನು ಬಿಡಬಾರದೆಂಬ ಎಚ್ಚರಿಕೆಯೂ ಇದೇ ಸಾಲಿಗೆ ಸೇರುತ್ತದೆ.

ಕುರಿ ತರುಬುವ ಹೊಲ

ಮಂದೆಗೂ ಒಕ್ಕಲುತನಕ್ಕೂ ಇರುವ ಅತಿ ಹಳೆಯ ಒಪ್ಪಂದ ಕುರಿ ತರುಬುವುದು. ಸುಗ್ಗಿಯಾದ ಹೊಲದಲ್ಲಿ ರಾತ್ರಿ ಮಂದೆಯನ್ನು ನಿಲ್ಲಿಸಿಕೊಳ್ಳುವ ಈ ಪದ್ಧತಿಯಲ್ಲಿ ಹೊಲದ ಒಡೆಯ ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ, ಕುರಿಗಾಹಿ ಸಂಜೆ ಹೊತ್ತಿಗೆ ಗೂಟ ನೆಟ್ಟು ಬಲೆ ಎಳೆದು ಹಟ್ಟಿ ಕಟ್ಟುತ್ತಾನೆ, ಮರಿಗಳನ್ನು ಬೇರೆ ಗೂಡಿನಲ್ಲಿ ಕೂಡಿ, ನಾಯಿಗಳನ್ನು ಸುತ್ತ ಬಿಟ್ಟು ಕಂಬಳಿ ಹೊದ್ದು ಕಾಯುತ್ತಾನೆ. ಮರುದಿನ ಬಲೆಯನ್ನು ಪಕ್ಕದ ತುಂಡಿಗೆ ಸರಿಸುತ್ತಾ ಹೋದಂತೆ ಹೊಲವೆಲ್ಲ ಸಮನಾಗಿ ಗೊಬ್ಬರವಾಗುತ್ತದೆ. ಒಂದು ಕುರಿ ತಿಂದ ಒಂದು ಕಿಲೋ ಮೇವಿನಲ್ಲಿ ಸರಿಸುಮಾರು ಅರ್ಧ ಹಿಕ್ಕೆಯಾಗಿ ಹೊರಬರುತ್ತದೆಂದೂ ಅದರಲ್ಲಿ ಅರ್ಧ ರಾತ್ರಿ ಬೀಳುತ್ತದೆಂದೂ ಇಟ್ಟುಕೊಂಡರೆ, 500 ಕುರಿಗಳ ಮಂದೆಯಿಂದ ಒಂದು ರಾತ್ರಿಗೆ ನೂರು ಕಿಲೋಗೂ ಮೀರಿದ ಒಣಗೊಬ್ಬರ ಹೊಲಕ್ಕೆ ಸೇರುತ್ತದೆ. ಅದಕ್ಕಿಂತ ಮುಖ್ಯವಾದುದು ಗಂಜಲ; ತಿಪ್ಪೆಗೊಬ್ಬರದಲ್ಲಿ ಬಹುಪಾಲು ಕಳೆದುಹೋಗುವ ಗಂಜಲದ ಸಾರಜನಕ ಇಲ್ಲಿ ನೇರವಾಗಿ ಮಣ್ಣಿಗೆ ಇಳಿಯುತ್ತದೆ, ಗೊಬ್ಬರ ಹೇರುವ ಬಂಡಿಯ ಬಾಡಿಗೆಯೂ ಉಳಿಯುತ್ತದೆ. ತರುಬಿದ ಮೇಲೆ ಹಿಕ್ಕೆ ಬಿಸಿಲಿಗೆ ಸುಟ್ಟುಹೋಗುವ ಮುನ್ನ ಒಮ್ಮೆ ಹರಗಿ ಮಣ್ಣಲ್ಲಿ ಬೆರೆಸಿದರೆ ಲಾಭ ಪೂರ್ತಿಯಾಗುತ್ತದೆ.

ಗಾಯರಾಣದ ಬಿಡುವಿಗೂ ತರುಬುವ ಹೊಲಕ್ಕೂ ನೇರ ಸಂಬಂಧವಿದೆ. ಮಂದೆ ಹಗಲಲ್ಲಿ ಕೂಳೆ ಮೇದು ರಾತ್ರಿ ಹೊಲದಲ್ಲಿ ತಂಗಿದ ಪ್ರತಿ ದಿನವೂ ಬಯಲಿನ ಹುಲ್ಲಿಗೆ ಒಂದು ದಿನದ ಬಿಡುವು. ನಡಿಗಡ್ಡವನ್ನೂ ಒಳಗೊಂಡ ಪಾಲಮೂರು ಸೀಮೆಯ ಕುರುಬರು ಮತ್ತು ಗೊಲ್ಲರು ಮಳೆಗಾಲದಲ್ಲಿ ಊರ ಬಯಲಿನಲ್ಲೂ, ಸುಗ್ಗಿಯ ನಂತರ ಕೃಷ್ಣೆಯ ಕೆಳದಂಡೆಯ ಭತ್ತದ ಗದ್ದೆಗಳ ಕಡೆಗೂ ನಲ್ಲಮಲೆಯ ಕಡೆಗೂ ಮಂದೆ ಹೊಡೆದುಕೊಂಡು ಹೋಗಿ, ಮುಂಗಾರಿಗೆ ಮರಳುವ ವಲಸೆ ಇದೇ ತತ್ವದ ದೊಡ್ಡ ರೂಪ. ಹೀಗೆ ನೂರಾರು ಮೈಲಿ ನಡೆಯಬಲ್ಲ ದಖ್ಖನಿ ತಳಿಯ ಕರಿ ಕುರಿಯ ಒರಟು ಉಣ್ಣೆಗೆ ಬೆಲೆ ಕುಸಿದು, ಮಾಂಸಕ್ಕೆ ಹೆಚ್ಚು ತೂಗುವ ಉಣ್ಣೆಯಿಲ್ಲದ ನೆಲ್ಲೂರು ಬಗೆಯ ಕುರಿಗಳು ಅದರ ಜಾಗಕ್ಕೆ ಬರುತ್ತಿರುವುದು ಯೋಚಿಸಬೇಕಾದ ಬದಲಾವಣೆ, ಏಕೆಂದರೆ ಹಸಿವು, ಬಿಸಿಲು ಮತ್ತು ದೂರದ ನಡಿಗೆಯನ್ನು ತಾಳುವ ಗುಣ ಮಂದೆಯಲ್ಲಿ ಉಳಿದಷ್ಟು ಕಾಲ ಮಾತ್ರ ವಲಸೆಯ ಪದ್ಧತಿಯೂ ಉಳಿಯುತ್ತದೆ.

ಬಯಲಿನ ಕಾಡುಪ್ರಾಣಿಗಳ ಪ್ರಶ್ನೆಯೂ ಇಲ್ಲಿಗೇ ಬಂದು ಸೇರುತ್ತದೆ. ಮಕ್ತಲ್, ಮಾಗನೂರು, ಕೃಷ್ಣಾ ಮಂಡಲಗಳ ನದಿದಂಡೆಯ ಹಳ್ಳಿಗಳಲ್ಲಿ ಕೃಷ್ಣಮೃಗಗಳ ಹಿಂಡು ಹತ್ತಿ, ಜೋಳ, ತೊಗರಿಯ ಎಳೆಪೈರನ್ನು ಮೇದು ಹಾಕುವುದು ರೈತರ ಬಹುದಿನದ ದೂರು. ಕೃಷ್ಣಮೃಗ ಮೂಲತಃ ಹುಲ್ಲು ತಿನ್ನುವ ಪ್ರಾಣಿ. ಬಯಲು ಬೋಳಾದಷ್ಟೂ ಅದು ಹೊಲವನ್ನು ನೆಚ್ಚುತ್ತದೆ. ಗಾಯರಾಣದ ಒಂದು ಭಾಗ ಹಿಂಗಾರಿನವರೆಗೂ ಹುಲ್ಲಿನಿಂದ ತುಂಬಿದ್ದರೆ ಹಾವಳಿ ಪೂರ್ತಿ ನಿಲ್ಲದಿದ್ದರೂ ಒತ್ತಡ ತಗ್ಗುತ್ತದೆ. ತೋಳದ ವಿಷಯದಲ್ಲಿ ಕುರಿಗಾಹಿಗಳ ಸಹನೆ ದೊಡ್ಡದು. ಮಂದೆಯ ಮರಿಯೊಂದು ಹೋದಾಗಲೂ ಅದನ್ನು ಬಯಲಿನ ಪಾಲೆಂದು ಬಗೆಯುವ ಹಿರಿಯರು ಆ ಸಮುದಾಯದಲ್ಲಿದ್ದಾರೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಅಭಯಾರಣ್ಯ ಘೋಷಣೆಯಾಗಿರುವಾಗ, ಸತ್ತ ಕುರಿಗೆ ತಡವಿಲ್ಲದೆ ಪರಿಹಾರ ಕೊಡುವ ವ್ಯವಸ್ಥೆ ಆ ಸಹನೆಗೆ ಸಲ್ಲಬೇಕಾದ ಮರ್ಯಾದೆ.

ಊರಿನ ಕೈಯಲ್ಲಿ

ಇಷ್ಟೆಲ್ಲ ತಿಳಿವಳಿಕೆ ಇದ್ದರೂ ಸರದಿ ಎಂಬುದು ಒಬ್ಬ ಕುರಿಗಾಹಿಯಿಂದ ಆಗುವ ಕೆಲಸವಲ್ಲ. ಒಬ್ಬನು ಬಿಡುವು ಕೊಟ್ಟ ಹುಲ್ಲನ್ನು ಇನ್ನೊಬ್ಬನ ಮಂದೆ ಮೇದರೆ ತ್ಯಾಗ ಮಾಡಿದವನಿಗೇ ನಷ್ಟ, ಆದ್ದರಿಂದ ನೆಲದ ಗಡಿ, ಮೇಯಿಸುವ ಹಕ್ಕು ಮತ್ತು ತಪ್ಪಿದವರಿಗೆ ದಂಡ ಮೂರನ್ನೂ ಊರು ಸಭೆ ಸೇರಿ ಗೊತ್ತುಮಾಡಬೇಕಾಗುತ್ತದೆ. ಗಾಯರಾಣವನ್ನು ಅಳೆದು ಗಡಿಕಲ್ಲು ನೆಡುವುದು, ಕುರಿ ಸಾಕುವ ಸಹಕಾರ ಸಂಘವನ್ನೂ ದನವಿರುವ ಸಣ್ಣ ರೈತರನ್ನೂ ಹೆಂಗಸರನ್ನೂ ಆ ಸಭೆಯಲ್ಲಿ ಕೂರಿಸುವುದು, ವಲಸೆ ಬರುವ ಹೊರಗಿನ ಮಂದೆಗೆ ದಾರಿ, ನೀರು ಮತ್ತು ತಂಗುವ ದಿನಗಳನ್ನು ನಿಗದಿಪಡಿಸುವುದು, ಸರ್ಕಾರದ ಗ್ರಾಮೀಣ ಉದ್ಯೋಗದ ಕೂಲಿಯಿಂದ ಬಳ್ಳಾರಿ ಜಾಲಿಯನ್ನು ಬುಡಸಮೇತ ತೆಗೆಸಿ ಅಂಜನ ಹುಲ್ಲಿನ ಬೀಜ ಚೆಲ್ಲಿಸುವುದು ಹೆಚ್ಚು ಹಣ ಬೇಡದ, ಆದರೆ ಹೆಚ್ಚು ಒಮ್ಮತ ಬೇಡುವ ಕೆಲಸಗಳು.

ಸರ್ಕಾರಗಳ ಪಾಲಿನ ಕೆಲಸ ಇನ್ನೊಂದಿದೆ. ದೇಶದ ಪಾಳುಭೂಮಿ ನಕ್ಷೆಗಳಲ್ಲಿ ಕುರುಚಲು ಮತ್ತು ಹುಲ್ಲಿನ ಬಯಲುಗಳು ಬಹುಕಾಲದಿಂದ ಪಾಳು ಎಂಬ ಲೆಕ್ಕದಲ್ಲಿ ಸೇರಿರುವುದರಿಂದ ಸೌರಫಲಕ, ಕೈಗಾರಿಕೆ, ನೆಡುತೋಪು ಯಾವುದಕ್ಕೆ ನೆಲ ಬೇಕಾದರೂ ಅಧಿಕಾರಿಯ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ. ಮರವಿಲ್ಲದ ನೆಲವನ್ನೂ ಸ್ವಂತ ಜೀವರಾಶಿಯುಳ್ಳ, ಮಣ್ಣಿನಡಿಯ ಬೇರುಗಳಲ್ಲಿ ಇಂಗಾಲವನ್ನು ಕೂಡಿಡುವ, ಲಕ್ಷಾಂತರ ಕುಟುಂಬಗಳಿಗೆ ಅನ್ನ ಕೊಡುವ ನೆಲೆಯೆಂದು ದಾಖಲೆಯಲ್ಲಿ ಒಪ್ಪಿಕೊಳ್ಳುವುದು ಎಲ್ಲ ಸುಧಾರಣೆಗೂ ಮೊದಲ ಮೆಟ್ಟಿಲು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿರುವುದು ಇಂಥ ಒಪ್ಪಿಗೆಗೆ ಒಳ್ಳೆಯ ಸಂದರ್ಭ ಒದಗಿಸಿದೆ.

ಕುರಿ ಹಂಚುವ ಯೋಜನೆಗೆ ತೋರಿದ ಉತ್ಸಾಹದಲ್ಲಿ ಅರ್ಧವನ್ನು ಹುಲ್ಲಿನ ನೆಲವನ್ನು ಉಳಿಸುವ ಕೆಲಸಕ್ಕೆ ತೋರಿದರೂ ನಡಿಗಡ್ಡದಿಂದ ರಾಯಚೂರು, ಕೊಪ್ಪಳಗಳವರೆಗಿನ ಒಣಸೀಮೆಯ ಚಿತ್ರ ಬದಲಾಗಬಲ್ಲದು. ಐಜದಂಥ ಒಂದು ಮಂಡಲದ ಊರುಗಳಲ್ಲಿ ಈ ಮುಂಗಾರಿಗೆ ಗಾಯರಾಣದ ಐದನೆಯ ಒಂದು ಭಾಗವನ್ನು ಕಾರ್ತಿಕದವರೆಗೆ ಮುಟ್ಟದೆ ಬಿಡಲು ತೀರ್ಮಾನಿಸಿದರೆ ಅದರಿಂದ ಯಾವ ಕುಟುಂಬದ ಮಂದೆಯೂ ಉಪವಾಸ ಬೀಳದು, ಏಕೆಂದರೆ ಉಳಿದ ನಾಲ್ಕು ಭಾಗಗಳು ಸರದಿಯಿಂದ ಕೊಡುವ ಚಿಗುರೂ ಕೂಡಿಟ್ಟ ಕಣಿಕೆಯೂ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಮುಂದಿನ ಬೇಸಿಗೆಯಲ್ಲಿ ಆ ಭಾಗದ ಒಣಹುಲ್ಲೇ ಮಂದೆಯ ಬುತ್ತಿಯಾಗುತ್ತದೆ, ಅದರ ಬೀಜವೇ ಪಕ್ಕದ ನೆಲಕ್ಕೆ ಬಿತ್ತನೆಯಾಗುತ್ತದೆ. ಮೇಯಿಸುವ ಹಕ್ಕನ್ನು ಉಳಿಸಿಕೊಳ್ಳಬೇಕಾದವರೇ ಮೇಯಿಸದ ದಿನಗಳನ್ನು ನಿಗದಿಪಡಿಸುವಂತಾದಾಗ, ಹುಲ್ಲುಗಾವಲನ್ನು ಕಾಯಲು ಅದರ ಸುತ್ತ ಬೇಲಿ ಹಾಕಬೇಕಾದ ಅಗತ್ಯವೇ ಬೀಳುವುದಿಲ್ಲ.